ಪ್ರಶ್ನೆಯನ್ನಲ್ಲ, ಕಾಗದವನ್ನು ಕೇಳಿ: ಮಾಹಿತಿ ಹಕ್ಕು ಅರ್ಜಿ ಬರೆಯುವ ಬಗೆ

ನಮ್ಮ ಬೀದಿಯ ಹೊಸ ಚರಂಡಿ ಒಂದೇ ಮಳೆಗಾಲಕ್ಕೆ ಕುಸಿದಾಗ ಸ್ಥಳೀಯ ಸಂಸ್ಥೆಗೆ ಮಾಹಿತಿ ಹಕ್ಕಿನ ಅರ್ಜಿ ಬರೆದೆ. ‘ಕಾಮಗಾರಿ ಇಷ್ಟು ಕಳಪೆಯಾಗಿರುವುದೇಕೆ?’ ಎಂಬುದಷ್ಟೇ ನನ್ನ ಪ್ರಶ್ನೆ. ‘ನಿಯಮಾನುಸಾರ ನಿರ್ವಹಿಸಲಾಗಿದೆ’ ಎಂಬ ಹಿಂಬರಹ ಬಂತು. ಎರಡನೆಯ ಸಲ ಅದೇ ಚರಂಡಿಯ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು ಮತ್ತು ಬಿಲ್ಲಿನ ದೃಢೀಕೃತ ಪ್ರತಿಗಳನ್ನು ಕೇಳಿದೆ. ಈ ಸಲ ಕಾಗದಗಳೇ ಬಂದವು. ನೆರೆಯವರನ್ನು ಕರೆದುಕೊಂಡು ಟೇಪು ಹಿಡಿದು ಅಳೆದೆವು. ಪುಸ್ತಕದಲ್ಲಿದ್ದ ಉದ್ದ ಬೀದಿಯಲ್ಲಿ ಇರಲಿಲ್ಲ.

2005ರ ಅಕ್ಟೋಬರ್ 12ರಂದು ಜಾರಿಗೆ ಬಂದ ಮಾಹಿತಿ ಹಕ್ಕು ಅಧಿನಿಯಮ ಕೊಡಿಸುವುದು ಕಚೇರಿಯಲ್ಲಿರುವ ದಾಖಲೆಯನ್ನು, ಅಧಿಕಾರಿಯ ಸಮಜಾಯಿಷಿಯನ್ನಲ್ಲ. ಇಲ್ಲದ ಮಾಹಿತಿಯನ್ನು ಸೃಷ್ಟಿಸಿ ಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದೆ. (ಪರೀಕ್ಷೆ ಬರೆದವರು ತಮ್ಮ ಉತ್ತರ ಪತ್ರಿಕೆಯನ್ನು ನೋಡಬಹುದು ಎಂದದ್ದೂ ಇದೇ ತೀರ್ಪು.) ಈ ಕಾಯ್ದೆಗೆ ದಾರಿ ಮಾಡಿಕೊಟ್ಟ ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು 1990ರ ದಶಕದಲ್ಲಿ ಹಳ್ಳಿಯವರ ಮುಂದೆ ಗಟ್ಟಿಯಾಗಿ ಓದಿಸಿದ್ದೂ ಕೂಲಿಯ ಹಾಜರಿ ಪಟ್ಟಿ, ಬಿಲ್ಲು, ವೋಚರುಗಳನ್ನೇ.

ಹಾಗಾಗಿ ಮೊದಲು ನಿಮ್ಮ ಅನುಮಾನಕ್ಕೆ ಉತ್ತರ ಯಾವ ಕಾಗದದಲ್ಲಿದೆ, ಆ ಕಾಗದ ಯಾವ ಕಚೇರಿಯಲ್ಲಿದೆ ಎಂದು ಯೋಚಿಸಿ. ಕಚೇರಿ ತಪ್ಪಿದರೂ ಗಾಬರಿ ಬೇಡ. ಅರ್ಜಿಯನ್ನು 5 ದಿನಗಳೊಳಗೆ ಸರಿಯಾದ ಕಚೇರಿಗೆ ವರ್ಗಾಯಿಸುವುದು ಅವರದೇ ಹೊಣೆ.

ಕರ್ನಾಟಕ ಸರ್ಕಾರದ ಕಚೇರಿಗಳಿಗೆ ‘ನಮೂನೆ ಎ’ಯಲ್ಲಿ, ಸಾರ್ವಜನಿಕ ಮಾಹಿತಿ ಅಧಿಕಾರಿಯ ಹೆಸರಿಗೆ ಬರೆಯಬೇಕು. ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರು ದಾಖಲೆಯ ಪ್ರತಿ ಲಗತ್ತಿಸಿದರೆ ಅದೂ ಇಲ್ಲ. ಮಾಹಿತಿ ಏಕೆ ಬೇಕು ಎಂದು ಹೇಳಬೇಕಿಲ್ಲ, ಹೇಳಲೂ ಹೋಗಬೇಡಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. ಬರವಣಿಗೆ ಹೀಗಿರಲಿ: ‘ಇಂಥ ವಾರ್ಡಿನ ಇಂಥ ಅಡ್ಡರಸ್ತೆಯಲ್ಲಿ 2024–25ನೇ ಸಾಲಿನಲ್ಲಿ ಕೈಗೊಂಡ ಚರಂಡಿ ಕಾಮಗಾರಿಯ ಅಂದಾಜು ಪಟ್ಟಿ, ಅಳತೆ ಪುಸ್ತಕದ ಸಂಬಂಧಿತ ಪುಟಗಳು, ಕಡತದ ಟಿಪ್ಪಣಿ ಹಾಳೆಗಳು ಹಾಗೂ ಅಂತಿಮ ಬಿಲ್ಲಿನ ದೃಢೀಕೃತ ಪ್ರತಿಗಳು.’ ಸ್ಥಳ, ವರ್ಷ, ದಾಖಲೆಯ ಹೆಸರು ಸ್ಪಷ್ಟವಾಗಿದ್ದಷ್ಟೂ ಜಾರಿಕೊಳ್ಳಲು ಜಾಗ ಕಡಿಮೆ.

ಬಹಳ ಮಂದಿ ಬಳಸದೇ ಬಿಡುವ ಅವಕಾಶವೊಂದಿದೆ. ಕಾಯ್ದೆಯ 2(ಜೆ) ಕಲಮಿನಂತೆ ಕಡತವನ್ನು ಕಣ್ಣಾರೆ ನೋಡಿ ಟಿಪ್ಪಣಿ ಮಾಡಿಕೊಳ್ಳಬಹುದು, ಕಾಮಗಾರಿಯನ್ನೇ ಪರಿಶೀಲಿಸಬಹುದು, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿಯನ್ನೂ ಕೇಳಬಹುದು. ಯಾವ ಪುಟ ಬೇಕೆಂದು ತಿಳಿಯದಿದ್ದಾಗ ಮೊದಲು ಪರಿಶೀಲನೆಗೇ ಅರ್ಜಿ ಹಾಕಿ.

ಅರ್ಜಿಯನ್ನು ಟಪಾಲು ಶಾಖೆಯಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ದಿನಾಂಕದ ಮೊಹರು ಹಾಕಿಸಿಕೊಳ್ಳಿ, ಇಲ್ಲವೇ ಸ್ಪೀಡ್ ಪೋಸ್ಟ್ ಮಾಡಿ ರಶೀದಿ ಇಟ್ಟುಕೊಳ್ಳಿ. ಮುಂದಿನ ಹೋರಾಟವೆಲ್ಲ ಆ ದಿನಾಂಕದ ಮೇಲೆಯೇ ನಿಲ್ಲುತ್ತದೆ. ಉತ್ತರಕ್ಕೆ ಗಡುವು 30 ದಿನ. ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದಾದರೆ 48 ಗಂಟೆ. ಪ್ರತಿಗಳ ಶುಲ್ಕ ಕಟ್ಟಲು ಪತ್ರ ಬಂದರೆ ಕೂಡಲೇ ಕಟ್ಟಿ, ಏಕೆಂದರೆ ನೀವು ಕಟ್ಟುವವರೆಗಿನ ದಿನಗಳು ಗಡುವಿನ ಲೆಕ್ಕಕ್ಕೆ ಸೇರುವುದಿಲ್ಲ. ಅವರೇ ಗಡುವು ಮೀರಿದರೆ ಮಾಹಿತಿಯನ್ನು ಉಚಿತವಾಗಿ ಕೊಡಬೇಕು.

ನಿರಾಕರಿಸುವುದಾದರೆ ಕಾರಣ ಬರೆಯಬೇಕು. ಮೇಲ್ಮನವಿಯನ್ನು ಯಾರಿಗೆ, ಎಷ್ಟು ದಿನಗಳಲ್ಲಿ ಸಲ್ಲಿಸಬೇಕು ಎಂಬುದನ್ನೂ ತಿಳಿಸಬೇಕು. ದೇಶದ ಭದ್ರತೆ, ವ್ಯಾಪಾರ ರಹಸ್ಯದಂಥ ವಿನಾಯಿತಿಗಳು 8ನೇ ಕಲಮಿನಲ್ಲಿವೆ. ‘ಕಡತ ಸಿಗುತ್ತಿಲ್ಲ’ ಎಂಬುದು ಅವುಗಳಲ್ಲಿ ಇಲ್ಲ.

ಉತ್ತರ ಬಾರದಿದ್ದರೆ, ಬಂದದ್ದು ಅರೆಬರೆಯಾದರೆ, 30 ದಿನಗಳೊಳಗೆ ಅದೇ ಇಲಾಖೆಯ ಮೊದಲನೇ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಿ. ಅಲ್ಲಿಯೂ ನ್ಯಾಯ ಸಿಗದಿದ್ದರೆ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಮೂಲ ಅರ್ಜಿ, ಸ್ವೀಕೃತಿ, ಹಿಂಬರಹ, ಮೊದಲ ಮೇಲ್ಮನವಿಯ ಪ್ರತಿಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ. ಅಲ್ಲಿ ವಕೀಲರು ಬೇಕೇಬೇಕೆಂದಿಲ್ಲ, ನೀವೇ ವಾದಿಸಬಹುದು. ನಿರಾಕರಣೆ ಸರಿಯಿತ್ತೆಂದು ರುಜುವಾತು ಮಾಡಬೇಕಾದವರು ಅಧಿಕಾರಿ, ನೀವಲ್ಲ. ಸಕಾರಣವಿಲ್ಲದೆ ತಡಮಾಡಿದ್ದರೆ ಆಯೋಗ ಅವರಿಗೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ವಿಧಿಸಬಹುದು.