ಐವತ್ತು ದಾಟಿದ ಮೇಲೆ ವೀಣೆ: ನನ್ನ ಅನುಭವ

ವೀಣೆ ಕಲಿಯುವ ಆಸೆ ಇರುವ ನನ್ನ ವಯಸ್ಸಿನವರು ಮೊದಲು ಕೇಳುವುದು ಬೆರಳಿನ ವಿಷಯ. ಈ ವಯಸ್ಸಲ್ಲಿ ಬೆರಳು ಬಗ್ಗುತ್ತಾ, ತಂತಿ ಕೊಯ್ಯಲ್ವಾ ಅಂತ. ಬಗ್ಗುತ್ತದೆ. ಕೊಯ್ಯುತ್ತದೆ ಕೂಡ, ಆಮೇಲೆ ಅಭ್ಯಾಸವಾಗುತ್ತದೆ. ನಾನು ಶುರು ಮಾಡಿದ್ದು 52ರಲ್ಲಿ, ಮೈಸೂರಿನಲ್ಲಿ, ಬ್ಯಾಂಕಿನ ಕೆಲಸದಲ್ಲಿ ಇದ್ದಾಗಲೇ. ನನಗೆ ಬೆರಳಿಗಿಂತ ಜಾಸ್ತಿ ಕೆಲಸ ಬಿದ್ದಿದ್ದು ಗಂಟಲಿಗೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ವಾದ್ಯ. ವೀಣೆ ಹೆಚ್ಚಾಗಿ ಹಲಸಿನ ಮರದ್ದು. ದೊಡ್ಡಬಳ್ಳಾಪುರ ತಾಲೂಕಿನ ಸಿಂಪಾಡಿಪುರದಲ್ಲಿ ವೀಣೆ ಮಾಡುವುದೇ ಕಸುಬಾಗಿರುವ ಮನೆಗಳಿವೆ. ಹೊಸದನ್ನು ಮಾಡಿಸುವಷ್ಟು ಧೈರ್ಯ ನನಗಿರಲಿಲ್ಲ. ಹಳೆಯದನ್ನೇ ಕೊಂಡೆ, ಆದರೆ ಕಲಿಸುವವರನ್ನು ಜೊತೆಗೆ ಕರೆದುಕೊಂಡು ಹೋಗಿ. ಅವರು ನೋಡಿದ ಕ್ರಮ ನನಗೆ ಈಗಲೂ ನೆನಪಿದೆ. ದಂಡಿಯ, ಅಂದರೆ ವೀಣೆಯ ಉದ್ದನೆಯ ಕತ್ತಿನ, ತುದಿಗೆ ಕಣ್ಣಿಟ್ಟು ಅದು ಬಾಗಿದೆಯಾ ಅಂತ ನೋಡಿದರು. ತಂತಿಗಳ ಕೆಳಗೆ ಅಡ್ಡಕ್ಕೆ ಕೂರಿಸಿರುವ ಲೋಹದ ಪಟ್ಟಿಗಳಿಗೆ ಮೆಟ್ಟಿಲು ಅನ್ನುತ್ತಾರೆ, ಆ 24 ಮೆಟ್ಟಿಲುಗಳನ್ನೂ ಒಂದೊಂದಾಗಿ ಒತ್ತಿ ಮೀಟಿದರು. ಎಲ್ಲಿ ನಾದ ಸತ್ತ ಹಾಗೆ ಕೇಳುತ್ತದೋ ಅಲ್ಲಿ ಮೆಟ್ಟಿಲು ಸವೆದಿರಬಹುದು, ಇಲ್ಲ ಮೇಣ ಬಿಟ್ಟಿರಬಹುದು. ಮೆಟ್ಟಿಲುಗಳು ಕೂತಿರುವುದು ಮೇಣದ ಮೇಲೆ ತಾನೇ. ಮೇಣ ಬಿರುಕು ಬಿಟ್ಟಿದ್ದರೆ ಅದನ್ನು ಕರಗಿಸಿ ಎಲ್ಲವನ್ನೂ ಹೊಸದಾಗಿ ಕೂರಿಸಬೇಕು, ಆ ಖರ್ಚು ಬೇರೆ. ನೋಡಲು ಚೆಂದವಾದ ದಂತದ ಬಣ್ಣದ ಕೆತ್ತನೆಯ ಕಡೆ ಅವರು ತಿರುಗಿಯೂ ನೋಡಲಿಲ್ಲ.

ಕೂರುವುದು ಎರಡನೇ ವಿಷಯ. ಮಕ್ಕಳಿಗೆ ಇದೊಂದು ಸಮಸ್ಯೆಯೇ ಅಲ್ಲ. ವೀಣೆಯ ಕೊಡ (ದೊಡ್ಡ ಗುಂಡನೆಯ ಭಾಗ) ಬಲಗಡೆ ನೆಲದ ಮೇಲೆ, ಇನ್ನೊಂದು ತುದಿಯ ಸಣ್ಣ ಬುರುಡೆ ಎಡ ತೊಡೆಯ ಮೇಲೆ, ಚಕ್ಕಳಮಕ್ಕಳ ಹಾಕಿ ಕೂತರೆ ಆಯಿತು. ಕುರ್ಚಿಯಲ್ಲೇ ಮೂವತ್ತು ವರ್ಷ ಕೂತ ಮಂಡಿಗೆ ಅದು ಶಿಕ್ಷೆ. ನಾನು ಜಮಖಾನೆಯನ್ನು ನಾಲ್ಕು ಮಡಿಕೆ ಮಾಡಿ ಅದರ ಅಂಚಿನ ಮೇಲೆ ಕೂರುತ್ತೇನೆ. ಸೊಂಟ ಮಂಡಿಗಿಂತ ಮೇಲಿದ್ದರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಕೊಡದ ಕೆಳಗೂ ಅಷ್ಟೇ ಎತ್ತರದ್ದು ಏನಾದರೂ ಇಡಬೇಕು, ಇಲ್ಲದಿದ್ದರೆ ವೀಣೆ ಬಲಕ್ಕೆ ವಾಲುತ್ತದೆ. ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ದೊಡ್ಡವರು ಬಿಟ್ಟುಹೋಗುವುದು ಸಂಗೀತ ಬೇಜಾರಾಗಿ ಅಲ್ಲ, ಮಂಡಿ ನೋವಿಗೆ ಅಂತ ನನ್ನ ಗುಮಾನಿ.

ಬೆರಳಿನ ಕಥೆ ಬೇಗ ಮುಗಿಸುತ್ತೇನೆ. ಎಡಗೈಯ ತೋರುಬೆರಳು, ಮಧ್ಯದ ಬೆರಳು ಉರಿಯುತ್ತವೆ, ಗೆರೆ ಬೀಳುತ್ತದೆ, ಕೊನೆಗೆ ಚರ್ಮ ಗಟ್ಟಿಯಾಗುತ್ತದೆ. ಒಂದು ಡಬ್ಬಿಯಲ್ಲಿ ಹತ್ತಿ ಇಟ್ಟು ಎರಡು ತೊಟ್ಟು ಕೊಬ್ಬರಿ ಎಣ್ಣೆ ಹಾಕಿಟ್ಟುಕೊಳ್ಳಿ. ಬೆರಳಿಗೆ ಸವರಿಕೊಂಡರೆ ತಂತಿಯ ಮೇಲೆ ಜಾರುವುದು ಸಲೀಸು. ಸಕ್ಕರೆ ಕಾಯಿಲೆ ಇದ್ದವರು ಗಾಯವಾಗದಂತೆ ನೋಡಿಕೊಳ್ಳಬೇಕು, ಅಷ್ಟೇ. ಬಲಗೈಗೆ ಉಗುರು ಬೇಕು, ಪಾತ್ರೆ ತಿಕ್ಕುವವರ ಕೈಯಲ್ಲಿ ಅದು ನಿಲ್ಲುವುದಿಲ್ಲ. ನಮ್ಮ ಮನೆಯಲ್ಲಿ ರಾತ್ರಿ ಪಾತ್ರೆ ಈಗ ಯಜಮಾನರದು. ವೀಣೆಯಿಂದ ಆದ ಮೊದಲ ಲಾಭ ಅದು!

ಪಾಠ ಶುರುವಾಗುವುದು ಮಾಯಾಮಾಳವಗೌಳ ರಾಗದಲ್ಲಿ, ಸರಳೆ ವರಸೆಯಿಂದ, ಅಂದರೆ ಸ್ವರಗಳ ಮೊದಲ ಅಭ್ಯಾಸದಿಂದ. ಈ ಕ್ರಮ ಹಾಕಿಕೊಟ್ಟವರು ಪುರಂದರದಾಸರು ಅಂತ ಎಲ್ಲ ಗುರುಗಳೂ ಹೇಳುತ್ತಾರೆ. ವೀಣೆಯಲ್ಲಿ ಸ್ವರಗಳು ಕಣ್ಣಿಗೆ ಕಾಣುತ್ತವೆ, ದೊಡ್ಡವರಿಗೆ ಇದು ದೊಡ್ಡ ಅನುಕೂಲ. ಒತ್ತದೆ ಮೀಟಿದರೆ ಸ. ರಿ ಒಂದನೇ ಮೆಟ್ಟಿಲು, ಗ ನಾಲ್ಕು, ಮ ಐದು, ಪ ಏಳು, ದ ಎಂಟು, ನಿ ಹನ್ನೊಂದು, ಮೇಲಿನ ಸ ಹನ್ನೆರಡು. ರಿಯಿಂದ ಗಗೆ ಕೈ ಜರುಗಬೇಕಾದ ದೂರ ಅಂಗೈ ಅಗಲಕ್ಕಿಂತ ಜಾಸ್ತಿ. ನಿಯಿಂದ ಸಗೆ ಎರಡು ಬೆರಳಗಲವೂ ಇಲ್ಲ. ಬ್ಯಾಂಕಿನಲ್ಲಿ ಲೆಕ್ಕ ಬರೆದು ಬಂದ ನನಗೆ ಈ ಅಂಕಿಗಳು ಒಂದೇ ವಾರದಲ್ಲಿ ಬಾಯಿಗೆ ಬಂದವು. ಜಂಟಿ ವರಸೆ, ಅಲಂಕಾರ, ಮಲಹರಿ ರಾಗದ ಪಿಳ್ಳಾರಿ ಗೀತೆಗಳು, ಎಲ್ಲವನ್ನೂ ಹೀಗೇ ಮೆಟ್ಟಿಲ ಲೆಕ್ಕದಲ್ಲಿ ನುಡಿಸಿಕೊಂಡು ಹೋದೆ. ತಪ್ಪಿಲ್ಲದೆ ಬರುತ್ತಿತ್ತು, ಆದರೆ ಕೇಳಲು ಸಪ್ಪೆ.

ನನಗೆ ಕಲಿಸುವವರು ನನ್ನ ಮಗಳಿಗಿಂತ ಎರಡು ವರ್ಷ ದೊಡ್ಡವರು. ನಾನು ಅವರನ್ನು ಮಿಸ್ ಅನ್ನುತ್ತೇನೆ, ಅವರು ನನ್ನನ್ನು ಆಂಟಿ ಅನ್ನುತ್ತಾರೆ. ಒಂದು ದಿನ ಅವರು ಹೇಳಿದರು: "ಆಂಟಿ, ವೀಣೆ ಪಕ್ಕಕ್ಕಿಡಿ. ಮೊದಲು ಹಾಡಿ."

"ನನ್ನ ಗಂಟಲು ಚೆನ್ನಾಗಿಲ್ಲ ಮಿಸ್."

"ಚೆನ್ನಾಗಿ ಹಾಡಿ ಅನ್ನಲಿಲ್ಲ. ಹಾಡಿ ಅಂದೆ, ಅಷ್ಟೇ."

ಕಾರಣ ಗೊತ್ತಾಗಿದ್ದು ಗಮಕಕ್ಕೆ, ಅಂದರೆ ಸ್ವರವನ್ನು ಬಾಗಿಸಿ ಆಡಿಸುವುದಕ್ಕೆ, ಬಂದಾಗ. ಗ ಮೆಟ್ಟಿಲ ಮೇಲೆ ಬೆರಳಿಟ್ಟು ತಂತಿಯನ್ನು ಪಕ್ಕಕ್ಕೆ ಎಳೆದರೆ ಮ ಬರುತ್ತದೆ. ಇನ್ನೂ ಎಳೆದರೆ ಅದೇ ಜಾಗದಲ್ಲಿ ಪ ಬರುತ್ತದೆ. ಎಷ್ಟು ಎಳೆಯಬೇಕು ಅಂತ ಮೆಟ್ಟಿಲ ಮೇಲೆ ಗುರುತಿಲ್ಲ. ಅಂಕಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಆ ಸ್ವರ ಎಲ್ಲಿ ಮುಟ್ಟಬೇಕು ಅನ್ನುವುದು ನಮಗೆ ಮೊದಲೇ ಗೊತ್ತಿರಬೇಕು, ಹಾಗಿದ್ದರೆ ಕೈ ಅಲ್ಲಿಗೆ ಹೋಗಿ ನಿಲ್ಲುತ್ತದೆ. ಗೊತ್ತಿದೆಯೋ ಇಲ್ಲವೋ ಅಂತ ನೋಡಲು ಹಾಡುವುದೊಂದೇ ದಾರಿ. ಕೇಳಿ ಕೇಳಿ ನನಗೆ ಬರುತ್ತದೆ ಅಂದುಕೊಂಡಿದ್ದ ಎಷ್ಟೋ ಸಂಗತಿಗಳು ಹಾಡಲು ಹೋದರೆ ಬಾಯಲ್ಲಿ ನಿಲ್ಲಲಿಲ್ಲ.

ಅಂದಿನಿಂದ ನನ್ನ ಅಭ್ಯಾಸದ ಕ್ರಮವೇ ಬದಲಾಯಿತು. ಮೊಬೈಲಿನಲ್ಲಿ ತಂಬೂರಿ ಹಾಕಿ, ತೊಡೆಯ ಮೇಲೆ ತಾಳ ಹಾಕುತ್ತಾ, ಒಂದು ಸಾಲನ್ನು ಸ್ವರದಲ್ಲಿ ಹಾಡುತ್ತೇನೆ. ಆಮೇಲೆ ಹಾಡುತ್ತಲೇ ನುಡಿಸುತ್ತೇನೆ. ಕೊನೆಗೆ ಬಾಯಿ ಮುಚ್ಚಿ ನುಡಿಸುತ್ತೇನೆ. ಮೂರನೆಯದರಲ್ಲಿ ಎಡವಿದರೆ ಮತ್ತೆ ಮೊದಲನೆಯದಕ್ಕೆ. ಬಸ್ಸಿನಲ್ಲಿ, ಅಡುಗೆಮನೆಯಲ್ಲಿ ಕೂಡ ಮೊದಲನೆಯದನ್ನು ಮಾಡಬಹುದು, ವೀಣೆ ಬೇಕಿಲ್ಲ. ಕೆಲಸಕ್ಕೆ ಹೋಗುವವರಿಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ವೀಣೆ ಹಿಡಿದು ಕೂರುವುದು ಬೆಳಿಗ್ಗೆ ಅರ್ಧ ಗಂಟೆ ಮಾತ್ರ.

ಆ ಅರ್ಧ ಗಂಟೆಯಲ್ಲೂ ಸ್ವಲ್ಪ ಹೊತ್ತು ಶ್ರುತಿಗೆ ಹೋಗುತ್ತದೆ. ನುಡಿಸುವ ತಂತಿ ನಾಲ್ಕು, ತಾಳದ ತಂತಿ ಮೂರು. ತಂತಿ ಬಿಗಿಯುವ ಬಿರಡೆ ಜಾರುತ್ತಿದ್ದರೆ ಸ್ವಲ್ಪ ಸೀಮೆಸುಣ್ಣದ ಪುಡಿ ಹಚ್ಚಿ. ಕೂದಲೆಳೆಯಷ್ಟು ವ್ಯತ್ಯಾಸಕ್ಕೆ ಬಿರಡೆ ಮುಟ್ಟಲೇಬೇಡಿ, ಕುದುರೆಯ (ಕೊಡದ ಮೇಲೆ ತಂತಿಗಳನ್ನು ಹೊತ್ತ ಸೇತುವೆಯ) ಹಿಂದೆ ತಂತಿಗಿರುವ ಸಣ್ಣ ಬಳೆಗಳನ್ನು ಸರಿಸಿದರೆ ಸಾಕು. ಮಕ್ಕಳಿಗೆ ಮಿಸ್ ಶ್ರುತಿ ಮಾಡಿಕೊಡುತ್ತಾರೆ, ನಾನು ನಾನೇ ಮಾಡಿಕೊಳ್ಳುತ್ತೇನೆ ಅಂತ ಹಟ ಹಿಡಿದೆ. ಕಿವಿಗೆ ಅಷ್ಟು ಒಳ್ಳೆಯ ಪಾಠ ಯಾವ ವರಸೆಯಲ್ಲೂ ಇಲ್ಲ.

ನಿಜವಾಗಿ ಸತಾಯಿಸಿದ್ದು ಬಲಗೈ ಕಿರುಬೆರಳು. ಮಿಕ್ಕ ಎರಡು ಬೆರಳು ಕೆಳಕ್ಕೆ ಮೀಟುತ್ತಿರುವಾಗ ಇದು ತಾಳದ ತಂತಿಗಳನ್ನು ಮೇಲಕ್ಕೆ ಮೀಟಬೇಕು, ಅದೂ ತಾಳಕ್ಕೆ ಸರಿಯಾಗಿ. ನನ್ನ ಪಕ್ಕದಲ್ಲಿ ಕೂರುವ ಹತ್ತು ವರ್ಷದ ಹುಡುಗಿಗೆ ಒಂದೆರಡು ಪಾಠದಲ್ಲಿ ಬಂತು. ನನಗೆ ತಿಂಗಳುಗಳೇ ಹಿಡಿದವು. ಕೊನೆಗೆ ಎಡಗೈಯನ್ನು ಪೂರ್ತಿ ಸುಮ್ನೆ ಇಟ್ಟು, ಸ ಒಂದನ್ನೇ ಮೀಟುತ್ತಾ ಆದಿತಾಳದ 8 ಅಕ್ಷರ ಸುತ್ತಿದೆ. ಮನೆಯವರಿಗೆ ತಲೆ ಚಿಟ್ಟು ಹಿಡಿಯಿತು, ಕೈಗೆ ತಾಳ ಹತ್ತಿತು.

ಮೈಸೂರಿನವರಿಗೆ ಕೇಳಲು ಏನು ಕೊರತೆ? ವೀಣೆ ಶೇಷಣ್ಣನವರ (1852–1926) ಪರಂಪರೆಯ ಊರು ಇದು. ಅವರ ಶಿಷ್ಯ ವೆಂಕಟಗಿರಿಯಪ್ಪ, ಅವರ ಶಿಷ್ಯ ದೊರೆಸ್ವಾಮಿ ಅಯ್ಯಂಗಾರ್ (1920–1997). ಅಯ್ಯಂಗಾರ್ಯರ ಧ್ವನಿಮುದ್ರಣ ಹಾಕಿ, ಜೊತೆಗೆ ಮೆಲ್ಲಗೆ ಹಾಡಿಕೊಳ್ಳುವುದು ನನ್ನ ಭಾನುವಾರದ ಕೆಲಸ. ಮೀಟು ಎಲ್ಲೂ ಕಿವಿಗೆ ಹೊಡೆಯುವುದಿಲ್ಲ. ಹೊಸಬರು ಗಟ್ಟಿಯಾಗಿ ಮೀಟುವುದೇ ಜೋರು ಅಂದುಕೊಳ್ಳುತ್ತಾರೆ, ಅವರಿಗೆಲ್ಲ ಇದನ್ನು ಕೇಳಿಸಬೇಕು.

ಸಂಗೀತದ ಜೂನಿಯರ್ ಪರೀಕ್ಷೆ ಕಟ್ಟಿ ಅಂತ ಮಿಸ್ ಹೇಳುತ್ತಲೇ ಇದ್ದಾರೆ. ಪರೀಕ್ಷೆ ಇದ್ದರೆ ಓದುವ ಹುಕಿ ಬರುವವರು ಕಟ್ಟಲಿ, ನನಗೆ ಬೇಡ. ಸದ್ಯಕ್ಕೆ ಮೋಹನ ರಾಗದ ಒಂದು ವರ್ಣ (ಗೀತೆಗಳ ನಂತರ ಕಲಿಯುವ ರಚನೆ) ನಡೆಯುತ್ತಿದೆ. ಮೊದಲ ಕಾಲದಲ್ಲಿ ಪರವಾಗಿಲ್ಲ, ಎರಡನೇ ಕಾಲದಲ್ಲಿ, ಅಂದರೆ ಎರಡರಷ್ಟು ವೇಗದಲ್ಲಿ, ಬರೀ ಸ್ವರಗಳ ಭಾಗವಾದ ಚಿಟ್ಟೆಸ್ವರ ಬಂದ ಕೂಡಲೇ ಕೈ ಮುಗ್ಗರಿಸುತ್ತದೆ. ಹಾಡಲು ಮಾತ್ರ ಎರಡೂ ಕಾಲದಲ್ಲಿ ಬರುತ್ತದೆ, ಹಾಗಾಗಿ ಕೈಗೂ ಬರುತ್ತದೆ ಅಂತ ಗೊತ್ತು.