ಬೆಂಗಳೂರಿನಿಂದ ಪೋರ್ಟ್ ಬ್ಲೇರ್‌ಗೆ: ಸಮುದ್ರದ ಟೈಮಿಗೆ ಹೊಂದಿಕೊಂಡ ನನ್ನ ಅನುಭವ

ರಜೆಗೆ ಬೆಂಗಳೂರಿಗೆ ಬಂದಾಗಲೆಲ್ಲ ಜನ ಎರಡು ಥರ ಕೇಳುತ್ತಾರೆ. ಗಾಂಧಿಬಜಾರಿನಲ್ಲಿ ಹೂವು ಕೊಳ್ಳುವಾಗ ಸಿಕ್ಕವರು, "ಅಂಡಮಾನ್‌ನಲ್ಲಿ ಇದ್ದೀರಾ? ದಿನಾ ಟೂರ್ ಇದ್ದ ಹಾಗೆ ಅಲ್ವಾ!" ಅನ್ನುತ್ತಾರೆ. ಇನ್ನು ಕೆಲವರು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳುತ್ತಾರೆ. ಅವರ ಮನೆಯವರಿಗೂ ಅಲ್ಲಿಗೆ ಟ್ರಾನ್ಸ್‌ಫರ್ ಆಗಿರುತ್ತದೆ. ಬೇಜಾರಾಗಲ್ವಾ, ಯಾರ ಜೊತೆ ಮಾತಾಡೋದು, ದಿನ ಹೇಗೆ ಕಳೆಯೋದು ಅನ್ನುವುದು ಅವರ ಚಿಂತೆ. ಈ ಎರಡನೆಯವರಿಗಾಗಿ ಬರೆಯುತ್ತಿದ್ದೇನೆ. ಹನುಮಂತನಗರದ ಅಮ್ಮನ ಮನೆಯಲ್ಲಿ ಕೂತು ಬರೆಯೋಕೆ ಈಗ ಸ್ವಲ್ಪ ಪುರುಸೊತ್ತೂ ಇದೆ.

ಊರಿನ ಹೆಸರು 2024ರಲ್ಲಿ ಶ್ರೀ ವಿಜಯ ಪುರಂ ಎಂದಾಗಿದೆ. ಅಲ್ಲಿಯವರ ಬಾಯಲ್ಲಿ ಇನ್ನೂ ಪೋರ್ಟ್ ಬ್ಲೇರ್ ಎಂದೇ ಇದೆ, ನಾನೂ ಹಾಗೇ ಬರೆಯುತ್ತೇನೆ. ನನ್ನ ಗಂಡನಿಗೆ ವರ್ಗವಾಗಿ ನಾವು ಹೋದದ್ದು. ನನ್ನದು ಲೆಕ್ಕಪತ್ರದ ಕೆಲಸ, ಬೆಂಗಳೂರಿನ ಕೆಲಸವನ್ನೇ ಅಲ್ಲಿ ಕೂತು ಮಾಡುತ್ತೇನೆ. 2020ರ ಆಗಸ್ಟ್‌ಗೆ ಮುಂಚೆ ಇದು ಆಗುತ್ತಿರಲಿಲ್ಲ. ಚೆನ್ನೈನಿಂದ ಸಮುದ್ರದ ತಳದಲ್ಲಿ ಎಳೆದ ಸುಮಾರು 2,300 ಕಿಲೋಮೀಟರ್ ಕೇಬಲ್ ಆ ತಿಂಗಳು ಶುರುವಾದ ಮೇಲೆ ಇಂಟರ್ನೆಟ್ ಊರಿಗೆ ಸರಿಯಾಗಿ ಬಂತು. ಅದಕ್ಕೂ ಮುಂಚೆ ಎಲ್ಲ ಸ್ಯಾಟಲೈಟ್ ಮೇಲೆ, ಒಂದು ಫೋಟೋ ಹೋಗೋಕೆ ಕಾಯಬೇಕಿತ್ತು ಎಂದು ಅಕ್ಕಪಕ್ಕದವರು ಹೇಳುತ್ತಾರೆ.

ಅಲ್ಲಿಗೆ ಹೋದವರು ಮೊದಲು ಸರಿ ಮಾಡಿಕೊಳ್ಳಬೇಕಾದ್ದು ಟೈಮು. ಗಡಿಯಾರ ಎರಡೂ ಊರಲ್ಲಿ ಒಂದೇ, ಸೂರ್ಯ ಬೇರೆ. ಪೋರ್ಟ್ ಬ್ಲೇರ್ ಬೆಂಗಳೂರಿಗಿಂತ 15 ಡಿಗ್ರಿ ಪೂರ್ವಕ್ಕಿದೆ. 15 ಡಿಗ್ರಿ ಅಂದರೆ ಒಂದು ಗಂಟೆ. ಅಕ್ಷಾಂಶ ಹೆಚ್ಚುಕಡಿಮೆ ಒಂದೇ ಆದ್ದರಿಂದ ಹಗಲಿನ ಉದ್ದದಲ್ಲಿ ವ್ಯತ್ಯಾಸವಿಲ್ಲ, ಆದರೆ ಇಡೀ ಹಗಲು ಒಂದು ಗಂಟೆ ಮುಂಚೆಯೇ ಬಂದು ಒಂದು ಗಂಟೆ ಮುಂಚೆಯೇ ಮುಗಿಯುತ್ತದೆ. ಜೂನ್‌ನಲ್ಲಿ ಐದು ಗಂಟೆಗೆಲ್ಲ ಚೆನ್ನಾಗಿ ಬೆಳಕು. ಡಿಸೆಂಬರ್‌ನಲ್ಲಿ ಸಂಜೆ ಐದರ ಸುಮಾರಿಗೆ ಸೂರ್ಯ ಮುಳುಗುತ್ತದೆ. ಬೆಂಗಳೂರಿನ ಹಾಗೆ ಕೆಲಸ ಮುಗಿಸಿ, ಏಳು ಗಂಟೆಗೆ ಸುಮ್ನೆ ಒಂದು ಸುತ್ತು ಹೋಗಿ ಬರೋಣ ಅಂದರೆ ಅಲ್ಲಿ ಕತ್ತಲೆ, ಅಂಗಡಿಗಳೂ ಬಾಗಿಲು ಹಾಕುವ ಹೊತ್ತು. ಅಲ್ಲಿ ಬೇಜಾರು ಎಂದು ಕೊರಗುವವರಲ್ಲಿ ಜಾಸ್ತಿ ಜನ ಬೆಂಗಳೂರಿನ ಸಂಜೆಯನ್ನು ಅಲ್ಲಿ ಹುಡುಕುವವರು. ನಾನು ನನ್ನ ದಿನವನ್ನೇ ತಿರುಗಿಸಿದೆ. ನಾಲ್ಕೂವರೆಗೆ ಏಳುತ್ತೇನೆ. ತಿರುಗಾಟ, ಹವ್ಯಾಸ, ಗೆಳೆತನ ಎಲ್ಲಾ ಬೆಳಿಗ್ಗೆ. ಆಫೀಸಿನ ಕೆಲಸ ಆಮೇಲೆ. ರಾತ್ರಿ ಒಂಬತ್ತಕ್ಕೆ ನಿದ್ದೆ.

ಎರಡನೆಯದು ಉಬ್ಬರ, ಇಳಿತ. ಸರ್ವೇ ಆಫ್ ಇಂಡಿಯಾ ಪ್ರತಿ ವರ್ಷ ಟೈಡ್ ಟೇಬಲ್, ಅಂದರೆ ಉಬ್ಬರ ಇಳಿತದ ಹೊತ್ತಿನ ಪಟ್ಟಿ ತರುತ್ತದೆ, ಫೋನಿನಲ್ಲೂ ಸಿಗುತ್ತದೆ. ಆದರೆ ನನಗೆ ದಾರಿ ತೋರಿಸಿದ್ದು ಅಮ್ಮ ಕಟ್ಟಿಕೊಟ್ಟ ಒಂಟಿಕೊಪ್ಪಲ್ ಪಂಚಾಂಗ. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಪ್ರತಿ ದಿನ ಹಿಂದಿನ ದಿನಕ್ಕಿಂತ ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಚಂದ್ರ, ಸೂರ್ಯ ಒಂದೇ ಗೆರೆಯಲ್ಲಿ ಎಳೆಯುವುದರಿಂದ ನೀರು ತುಂಬಾ ಏರಿ ತುಂಬಾ ಇಳಿಯುತ್ತದೆ. ಅಷ್ಟಮಿಯ ಹೊತ್ತಿಗೆ ವ್ಯತ್ಯಾಸ ಕಡಿಮೆ. ಹಾಗಾಗಿ ಅಡುಗೆಮನೆಯಲ್ಲಿ ತಿಥಿ ನೋಡಿದರೆ ಸಮುದ್ರದ ಸ್ಥಿತಿ ಗೊತ್ತಾಗುತ್ತದೆ. ಬೆಂಗಳೂರಿನಲ್ಲಿ ಅಮಾವಾಸ್ಯೆ ಅಂದರೆ ಗಾಡಿಗೆ ನಿಂಬೆಹಣ್ಣು ಕಟ್ಟುವ ದಿನ. ಅಲ್ಲಿ ನನಗದು ತಿಂಗಳ ದೊಡ್ಡ ಹಬ್ಬ.

ಯಾಕೆಂದರೆ ಆ ದಿನಗಳಲ್ಲಿ ನೀರು ಹಿಂದೆ ಸರಿದು ಬಂಡೆ, ಹವಳದ ದಂಡೆ ತೆರೆದುಕೊಳ್ಳುತ್ತದೆ. ಗುಂಡಿಗಳಲ್ಲಿ ನೀರು ನಿಲ್ಲುತ್ತದೆ. ಆ ನೀರಿನಲ್ಲಿ ಏನುಂಟು ಏನಿಲ್ಲ! ಕಪ್ಪಗೆ ಬಿದ್ದುಕೊಂಡ ಕಡಲ ಸೌತೆ ಎಂಬ ಪ್ರಾಣಿ, ಕಲ್ಲಿನ ಸಂದಿಯಿಂದ ತೋಳು ಮಾತ್ರ ಹೊರಗೆ ಹಾಕುವ, ನಕ್ಷತ್ರಮೀನಿನ ಬಳಗದ ಬ್ರಿಟಲ್ ಸ್ಟಾರ್, ಬೇರೆಯವರ ಚಿಪ್ಪು ಹೊತ್ತು ಓಡಾಡುವ ಸನ್ಯಾಸಿ ಏಡಿ, ಅದೃಷ್ಟ ಇದ್ದರೆ ಒಂದು ಚಿಕ್ಕ ಆಕ್ಟೋಪಸ್. ಮೊದಮೊದಲು ನನಗೆ ಕಲ್ಲು, ಪಾಚಿ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಒಂದೇ ಗುಂಡಿಯ ಪಕ್ಕ ಅಲುಗಾಡದೆ ಕುಕ್ಕರಗಾಲಲ್ಲಿ ಕೂರಬೇಕು. ಹತ್ತು ನಿಮಿಷದ ಮೇಲೆ ಗುಂಡಿ ತಾನಾಗಿ ಎದ್ದು ಓಡಾಡೋಕೆ ಶುರು ಮಾಡುತ್ತದೆ.

ಹೀಗೆ ಕೂತಾಗ ಒಂದು ಬೆಳಿಗ್ಗೆ ಜೀವಂತ ಕವಡೆ ನೋಡಿದೆ. ಕವಡೆ ಎಂದರೆ ನನಗೆ ಅಜ್ಜಿಯ ಡಬ್ಬಿಯ ಚೌಕಾಬಾರದ ದಾಳ. ಬಿಳಿ, ನುಣುಪು, ಕೈಯಲ್ಲಿ ಕುಲುಕಿದರೆ ಗಲಗಲ. ಇದು ಹಾಗಿರಲಿಲ್ಲ. ಕಲ್ಲಿನ ಅಡಿಯಲ್ಲಿ ಬೆರಳಿನ ತುದಿಯಷ್ಟು ದೊಡ್ಡ, ಮೈಯೆಲ್ಲ ಸಣ್ಣ ಸಣ್ಣ ಮುಳ್ಳು ಕೂದಲಿನಂಥದ್ದು ಎದ್ದಿರುವ, ಬೂದು ಬಣ್ಣದ ಒಂದು ಮುದ್ದೆ. ನನ್ನ ನೆರಳು ಬಿತ್ತು. ಆ ಬೂದು ಚರ್ಮ ನಡುವೆ ಸೀಳಿ, ಎರಡೂ ಪಕ್ಕಕ್ಕೆ ನಿಧಾನಕ್ಕೆ ಜಾರಿ, ಚಿಪ್ಪಿನ ಬಾಯೊಳಗೆ ಹೋಯಿತು. ಒಳಗಿನಿಂದ ಹೊಳೆಯುವ ಹಳದಿ ಚಿಪ್ಪು ಹೊರಗೆ ಬಂತು. ಬಸವನಹುಳುವಿನ ಜಾತಿಯಲ್ಲಿ ಜಾಸ್ತಿಯವು ಚಿಪ್ಪನ್ನು ಹೊರಗೆ ಬಿಟ್ಟು ಮೈ ಒಳಗಿಡುತ್ತವೆ. ಕವಡೆ ತನ್ನ ಮೈಚರ್ಮದಿಂದ ಚಿಪ್ಪನ್ನೇ ಹೊದ್ದುಕೊಳ್ಳುತ್ತದೆ, ಆ ಚರ್ಮವೇ ಪದರ ಪದರವಾಗಿ ಪಾಲಿಶ್ ಹಚ್ಚುತ್ತಾ ಇರುತ್ತದೆ. ಅಜ್ಜಿಯ ಕವಡೆ ಅಷ್ಟು ವರ್ಷ ಹೊಳೆಯುತ್ತಿದ್ದದ್ದು ಇದರಿಂದ. ಅವತ್ತಿನಿಂದ ಈ ಹವ್ಯಾಸ ನನ್ನನ್ನು ಬಿಟ್ಟಿಲ್ಲ.

ಹೊಸಬರು ಕೆಲವು ವಿಷಯ ತಲೆಯಲ್ಲಿ ಇಟ್ಟುಕೊಳ್ಳಬೇಕು. ಏನನ್ನೂ ಮನೆಗೆ ತರಬಾರದು. ಹವಳಕ್ಕೆ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಸತ್ತು ದಡಕ್ಕೆ ಬಿದ್ದ ತುಂಡನ್ನೂ ಒಯ್ಯುವ ಹಾಗಿಲ್ಲ, ವಿಮಾನ ನಿಲ್ದಾಣದಲ್ಲಿ ಹಿಡಿಯುತ್ತಾರೆ. ಖಾಲಿ ಚಿಪ್ಪು ಸನ್ಯಾಸಿ ಏಡಿಯ ಮನೆ, ಅದನ್ನೂ ಬಿಡಿ. ಎತ್ತಿ ನೋಡಿದ ಕಲ್ಲನ್ನು ಇದ್ದ ಹಾಗೇ ಇಡಿ. ಹವಳದ ಮೇಲೆ ಕಾಲಿಡಬೇಡಿ. ನೀರು ತಿರುಗಿ ಏರುವ ಹೊತ್ತಿಗೆ ಮುಂಚೆ ದಡಕ್ಕೆ ಬನ್ನಿ. ಇನ್ನೊಂದು, ಮೊಸಳೆ. ಅಲ್ಲಿ ಇರುವುದು ಉಪ್ಪುನೀರಿನ ಮೊಸಳೆ, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ತೋಡುಗಳಿಂದ ಸಮುದ್ರಕ್ಕೂ ಬರುತ್ತದೆ. ವಂಡೂರು ಬೀಚಿನಂಥ ಕಡೆ ಎಚ್ಚರಿಕೆ ಬೋರ್ಡ್ ಇದೆ. ಅದನ್ನು ಓದಿ ಫೋಟೋ ತೆಗೆದು ಮುಂದೆ ಹೋಗುವವರನ್ನು ನೋಡಿದರೆ ನನಗೆ ನಿಜವಾಗಿಯೂ ಭಯವಾಗುತ್ತದೆ. ತೋಡಿನ ಬಾಯಲ್ಲಿ ನೀರಿಗಿಳಿಯಲೇಬೇಡಿ. ಮುಸ್ಸಂಜೆಯಲ್ಲಂತೂ ದಡದ ಹತ್ತಿರವೂ ಬೇಡ.

ಈಜು ನಾನು ಕಲಿತದ್ದು ಬೆಂಗಳೂರಿನಲ್ಲಿ, ಹೊರಡುವ ಮುಂಚೆ. ಇದನ್ನು ಎಲ್ಲರಿಗೂ ಹೇಳುತ್ತೇನೆ. ಪೂಲಿನಲ್ಲಿ ಉಸಿರು ಹಿಡಿತಕ್ಕೆ ಬಂದಿದ್ದರೆ ಸಮುದ್ರದಲ್ಲಿ ಸ್ನಾರ್ಕೆಲ್ (ಉಸಿರಾಡುವ ಕೊಳವೆ) ಹಾಕಿಕೊಳ್ಳೋಕೆ ಗಾಬರಿಯಾಗುವುದಿಲ್ಲ. ಉಪ್ಪುನೀರು ಮೈಯನ್ನು ತಾನೇ ಎತ್ತಿ ಹಿಡಿಯುತ್ತದೆ. ಆದರೆ ಸೆಳೆತವಿರುತ್ತದೆ, ಜೊತೆಗೆ ಊರಿನವರಿಲ್ಲದೆ ನಾನು ಇಳಿಯುವುದಿಲ್ಲ.

ಈಗ ಗೆಳೆತನದ ವಿಷಯ. ಅಲ್ಲಿ ಯಾರೂ ಒಂದೇ ಊರಿನವರಲ್ಲ. 1858ರಲ್ಲಿ ಬ್ರಿಟಿಷರು ಕೈದಿಗಳನ್ನು ತಂದು ಹಾಕಿದರಲ್ಲ, ಅವರ ಸಂತತಿಯವರನ್ನು ಲೋಕಲ್ ಬಾರ್ನ್ ಅನ್ನುತ್ತಾರೆ. ದೇಶ ವಿಭಜನೆಯಾದ ಮೇಲೆ ಪೂರ್ವ ಬಂಗಾಳದಿಂದ ಬಂದವರು, ತಮಿಳರು, ತೆಲುಗರು, ಮಲಯಾಳಿಗಳು, ರಾಂಚಿ ಕಡೆಯಿಂದ ಕಾಡಿನ ಕೆಲಸಕ್ಕೆ ಬಂದವರು, ಎಲ್ಲರೂ ಒಂದೇ ಬೀದಿಯಲ್ಲಿ. ಎಲ್ಲರನ್ನೂ ಕೂಡಿಸುವುದು ಹಿಂದಿ. ಬೆಂಗಳೂರಿನವರಿಗೆ ಇದು ತುಂಬಾ ಅನುಕೂಲ. ಹಾಲಿನವನ ಹತ್ತಿರ ತಮಿಳು, ತರಕಾರಿಯವಳ ಹತ್ತಿರ ತೆಲುಗು, ಆಟೋದವನ ಹತ್ತಿರ ಹಿಂದಿ ಮಾತಾಡಿ ಬೆಳೆದವರು ನಾವು. ಜಂಗ್ಲಿಘಾಟ್ ಮೀನು ಮಾರುಕಟ್ಟೆಯಲ್ಲೂ ಅಬರ್ಡೀನ್ ಬಜಾರಿನಲ್ಲೂ ನನಗೆ ಒಂದು ದಿನಕ್ಕೂ ಹೊರಗಿನವಳು ಅನ್ನಿಸಲಿಲ್ಲ. ಕನ್ನಡದವರು ಸಿಕ್ಕರೆ ಖುಷಿಯೇ. ಆದರೆ ಅವರನ್ನು ಮಾತ್ರ ಹುಡುಕುತ್ತಾ ಕೂತರೆ ಊರು ದಕ್ಕುವುದಿಲ್ಲ.

ನಮ್ಮ ಬೀದಿಯಲ್ಲಿ ಗೆಳೆತನ ಶುರುವಾದದ್ದು ನೀರಿನಿಂದ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುವ ಊರು, ಬೆಂಗಳೂರಿನ ಮೂರರಷ್ಟು. ಆದರೂ ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಕಷ್ಟ. ಧನಿಕಾರಿ ಅಣೆಕಟ್ಟೇ ಊರಿಗೆ ಆಧಾರ, ಅದು ಇಳಿದರೆ ನಲ್ಲಿ ದಿನ ಬಿಟ್ಟು ದಿನ, ಕೆಲವೊಮ್ಮೆ ಮೂರು ದಿನಕ್ಕೊಂದು ಸಲ. ಕಾವೇರಿ ನೀರಿಗೆ ಕಾದು ಅಭ್ಯಾಸ ಇರುವ ನನಗೆ ಇದು ಹೊಸದಲ್ಲ. ನೀರು ಬಂದ ಕೂಡಲೇ ಪಕ್ಕದ ಮನೆಯ ಬಂಗಾಳಿ ದೀದಿಯ ಬಾಗಿಲು ತಟ್ಟುತ್ತಿದ್ದೆ, ಅವರು ಮುಂದಿನ ಮನೆಗೆ. ಬಕೆಟ್ ತುಂಬುವಷ್ಟರಲ್ಲಿ ಮಾತು, ಮಾತಿನ ಮೇಲೆ ಚಹಾ.

ಆಮೇಲೆ ಚೌಕಾಬಾರ. ಮಳೆಗಾಲದಲ್ಲಿ ಕರೆಂಟ್ ಹೋದ ಸಂಜೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದು ಮನೆ ಐದು ಸಾಲು ಬರೆದೆ. ಕವಡೆ ಬೇಡ ಎಂದು ನಿರ್ಧರಿಸಿದ್ದೆನಲ್ಲ, ಹುಣಸೆ ಬೀಜವನ್ನು ಒಂದು ಕಡೆ ಉಜ್ಜಿ ಬಿಳಿ ಮಾಡಿ ನಾಲ್ಕು ಇಟ್ಟೆವು. ದೀದಿಯ ಮಕ್ಕಳು, ಎದುರು ಮನೆಯ ತಮಿಳು ಅಜ್ಜಿ, ಮೇಲಿನ ಮನೆಯವರು ಎಲ್ಲರೂ ಬಂದು ಕೂತರು. ಅಜ್ಜಿ ಆಡುತ್ತಿದ್ದ ಆಟದ ನಿಯಮ ಸ್ವಲ್ಪ ಬೇರೆ, ಅದರ ಮೇಲೆ ದೊಡ್ಡ ಚರ್ಚೆ. ಈಗ ಬಂಗಾಳಿ ಮಕ್ಕಳು "ಚೌಕ!", "ಬಾರ!" ಎಂದು ಕೂಗುವುದು ಕೆಳಗಿನ ರಸ್ತೆಗೂ ಕೇಳುತ್ತದೆ.

ಊಟದ ಕೊಡುಕೊಳ್ಳುವಿಕೆಯೂ ಹಾಗೇ. ಡಿಸೆಂಬರ್, ಜನವರಿಯಲ್ಲಿ ಬೆಂಗಳೂರಿಗೆ ಬಂದರೆ ಹಿತಕಿದ ಅವರೆಬೇಳೆ ಕಟ್ಟಿಕೊಂಡು ಹೋಗುತ್ತೇನೆ. ದೀದಿ ಅದಕ್ಕೆ ಸಿಗಡಿ ಹಾಕಿ, ಸಾಸಿವೆ ಎಣ್ಣೆಯಲ್ಲಿ ಮಾಡಿದರು. ನಮ್ಮಮ್ಮನಿಗೆ ಹೇಳಿದರೆ ಮುಖ ಸಿಂಡರಿಸುತ್ತಾರೆ, ರುಚಿ ಮಾತ್ರ ಬಹಳ ಚೆನ್ನಾಗಿತ್ತು. ಮೀನು ಅಲ್ಲಿ ತಾಜಾ, ಜಾಸ್ತಿ. ತರಕಾರಿ ಹಾಗಲ್ಲ. ಈರುಳ್ಳಿ, ಆಲೂಗಡ್ಡೆ ಹಡಗಿನಲ್ಲಿ ಬರಬೇಕು, ಹವೆ ಕೆಟ್ಟು ಹಡಗು ತಡವಾದರೆ ಬೆಲೆ ಏರುತ್ತದೆ. ಅದಕ್ಕೇ ಹಿತ್ತಲಲ್ಲಿ ಬಸಳೆ, ಹರಿವೆ, ನುಗ್ಗೆ ಹಾಕಿದ್ದೇನೆ. ಬಸಳೆ ಆ ಸೆಕೆಗೆ ಕಂಬಳಿಯಷ್ಟು ದಟ್ಟವಾಗಿ ಹಬ್ಬುತ್ತದೆ. ಅದನ್ನು ತಿನ್ನೋಕೆ ಅಂಗೈಯಗಲದ ಆಫ್ರಿಕನ್ ಬಸವನಹುಳು ಬರುತ್ತದೆ. ಎರಡನೇ ಮಹಾಯುದ್ಧದಲ್ಲಿ ಜಪಾನಿನವರು ದ್ವೀಪ ಹಿಡಿದಿದ್ದಾಗ ಬಂದ ಹುಳು ಅದು ಎನ್ನುತ್ತಾರೆ. ಮಳೆ ನಿಂತ ರಾತ್ರಿ ಟಾರ್ಚ್ ಹಿಡಿದು, ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ದೀದಿಯ ಮಗನೂ ನಾನೂ ಆರಿಸುತ್ತೇವೆ. ಅವನಿಗೆ ಅದು ಆಟ, ನನಗೆ ಸೊಪ್ಪಿನ ಚಿಂತೆ.

ಕಷ್ಟದ ಮಾತೂ ಹೇಳಬೇಕು. ಕ್ವಾರ್ಟರ್ಸ್‌ಗಳಲ್ಲಿ ಇರುವವರಿಗೆ ಎರಡು ಮೂರು ವರ್ಷಕ್ಕೆ ವರ್ಗ. ಬೆಳಿಗ್ಗೆ ಬಂಡೆಗೆ ನನ್ನ ಜೊತೆ ಬರುತ್ತಿದ್ದ ಗೆಳತಿ ಒಂದು ದಿನ ಸಾಮಾನು ಕಟ್ಟಿ ಹೊರಟೇಬಿಟ್ಟಳು. ಮನಸ್ಸಿಗೆ ತುಂಬಾ ನೋವಾಯಿತು. ಆಮೇಲೆ ನಾನು ಬೇಕೆಂದೇ ಅಲ್ಲೇ ಹುಟ್ಟಿ ಬೆಳೆದವರ ಜೊತೆ ಹೆಚ್ಚು ಬೆರೆಯಲು ಶುರು ಮಾಡಿದೆ. ಸಿಪ್ಪಿಘಾಟ್‌ಗೆ ಹಕ್ಕಿ ನೋಡೋಕೆ ಕರೆದುಕೊಂಡು ಹೋಗುವ ಮೇಷ್ಟ್ರು ಅಂಥವರು. ಅದು ಮುಂಚೆ ಅವರ ಮನೆಯವರ ಗದ್ದೆ. 2004ರ ಭೂಕಂಪದಲ್ಲಿ ಆ ಭಾಗದ ನೆಲ ಕುಸಿಯಿತು, ಸಮುದ್ರದ ನೀರು ನುಗ್ಗಿ ನಿಂತುಬಿಟ್ಟಿತು. ಈಗ ಅಲ್ಲಿ ಅಂಡಮಾನ್ ಟೀಲ್ ಬಾತುಗಳು ಇಳಿಯುತ್ತವೆ. ಮೇಷ್ಟ್ರು ಒಂದು ಕೈಯಲ್ಲಿ ಬೈನಾಕ್ಯುಲರ್ ಹಿಡಿದು ಬಾತು ತೋರಿಸುತ್ತಾರೆ, ಇನ್ನೊಂದು ಕೈಯಲ್ಲಿ ಅವರ ಹಳೆಯ ಬದುಗಳು ಎಲ್ಲಿದ್ದವು ಎಂದು ತೋರಿಸುತ್ತಾರೆ. ಅವರಿಂದಲೇ ನನಗೆ ಹಕ್ಕಿಯ ಹುಚ್ಚು ಹತ್ತಿದ್ದು. ಈಗ ಬೆಂಗಳೂರಿಗೆ ಬಂದಾಗ ಲಾಲ್‌ಬಾಗಿಗೂ ಬೆಳಕು ಹರಿಯುವ ಮುಂಚೆ ಹೋಗುತ್ತೇನೆ.

ಸಾಮಾನಿನ ಬಗ್ಗೆ ಚುಟುಕಾಗಿ. ಕಬ್ಬಿಣ ತುಕ್ಕು ಹಿಡಿಯುತ್ತದೆ, ಚರ್ಮದ ಚಪ್ಪಲಿ, ಬ್ಯಾಗಿಗೆ ಬೂಷ್ಟು. ಪುಸ್ತಕ, ಕ್ಯಾಮೆರಾ, ಬೈನಾಕ್ಯುಲರ್ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ರೇಷ್ಮೆ ಸೀರೆ ಅಮ್ಮನ ಮನೆಯಲ್ಲೇ ಬಿಟ್ಟು ಹೋಗಿ.

ಬೆಂಗಳೂರಿನ ಗೆಳೆತನ ಉಳಿಸಿಕೊಳ್ಳೋದು ಹೇಗೆ ಎಂದೂ ಕೇಳುತ್ತಾರೆ. ನಾನು ಫೋನಿನಲ್ಲಿ "ಹೇಗಿದ್ದೀಯಾ" ಎಂದು ಕೇಳುವುದಕ್ಕಿಂತ ಅವತ್ತು ಬಂಡೆಯಲ್ಲಿ ಕಂಡದ್ದರ ಒಂದು ಫೋಟೋ ಕಳಿಸುತ್ತೇನೆ, ಇದೇನಿರಬಹುದು ಎಂದು ಕೇಳುತ್ತೇನೆ. ಅದರಿಂದ ಮಾತು ಹೊರಡುತ್ತದೆ. ಬರುತ್ತೇನೆ ಅನ್ನುವವರಿಗೆ ಫೆಬ್ರವರಿ, ಮಾರ್ಚ್ ಹೇಳುತ್ತೇನೆ. ಆಗ ಸಮುದ್ರ ಶಾಂತ, ನೀರು ತಿಳಿ. ಮೇ ಕೊನೆಯ ಹೊತ್ತಿನಿಂದ ಮಳೆ, ದೋಣಿ ಯಾವಾಗ ನಿಲ್ಲಿಸುತ್ತಾರೋ ಹೇಳೋಕಾಗಲ್ಲ. ಮೂರು ದಿನಕ್ಕೆ ಬಂದು ಸೆಲ್ಯುಲಾರ್ ಜೈಲು, ಹ್ಯಾವ್‌ಲಾಕ್ ದ್ವೀಪ ಮುಗಿಸಿ ಓಡುವುದಾದರೆ ನಮ್ಮನೆಗೆ ಊಟಕ್ಕೆ ಬಂದು ಹೋಗಿ, ಸಾಕು. ನಮ್ಮ ಜೊತೆ ಬಂಡೆಗೆ ಬರಬೇಕು ಅಂದರೆ ಅಮಾವಾಸ್ಯೆಯನ್ನು ನಡುವೆ ಇಟ್ಟು ಒಂದು ವಾರ ಬನ್ನಿ. ಕಾಲೇಜಿನ ಗೆಳತಿಯೊಬ್ಬಳು ಬರುವ ಮಾರ್ಚ್‌ಗೆ ಟಿಕೆಟ್ ಮಾಡಿದ್ದಾಳೆ. ಅದಕ್ಕೆ ಈಗಲೇ ಬಸವನಗುಡಿಯಲ್ಲಿ ಈಜು ಕ್ಲಾಸಿಗೆ ಸೇರಿಕೊಂಡಿದ್ದಾಳೆ, ನಿನ್ನೆ ಮೊದಲ ಸಲ ನೀರಿನೊಳಗೆ ಕಣ್ಣು ತೆರೆದಳಂತೆ.