ಪಾರ್ಥೇನಿಯಂ ಕೀಳೋಕೆ ಮಳೆಯ ಮರುದಿನವೇ ಸರಿ

ಹಿತ್ತಲಲ್ಲಿ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡ, ಎದ್ದಿದ್ದರೆ ಕತ್ತರಿಸಬೇಡಿ. ಮಳೆ ಬಿದ್ದ ಮರುದಿನ, ಹೂ ಬಿಡುವ ಮೊದಲೇ, ಬುಡ ಹಿಡಿದು ಬೇರು ಸಮೇತ ಕಿತ್ತುಹಾಕಿ. ಇದರದ್ದು ತಾಯಿಬೇರು, ಒದ್ದೆ ಮಣ್ಣಲ್ಲಿ ಸಲೀಸಾಗಿ ಬರುತ್ತೆ. ಮಚ್ಚಲ್ಲಿ ಸವರಿದರೆ ಉಳಿದ ಬುಡದಿಂದ ಮತ್ತೆ ಚಿಗುರುತ್ತೆ. ಎಳೆಯ ಗಿಡದ ಎಲೆಗಳು ನೆಲಕ್ಕೆ ಅಂಟಿಕೊಂಡು ಸುತ್ತಲೂ ಹರಡಿರುತ್ತವೆ, ನೋಡೋಕೆ ಥೇಟ್ ಕ್ಯಾರೆಟ್ ಸೊಪ್ಪು, ಮೇಲೆಲ್ಲ ಸಣ್ಣ ರೋಮ. ಕೈಗವಸು ಹಾಕಿಕೊಳ್ಳದೆ ದಯವಿಟ್ಟು ಮುಟ್ಟಬೇಡಿ, ತುರಿಕೆ ಶುರುವಾದರೆ ಸುಲಭಕ್ಕೆ ಬಿಡಲ್ಲ. ಆಸ್ತಮಾ ಇರುವವರು ಈ ಕೆಲಸಕ್ಕೆ ಇಳಿಯಲೇಬಾರದು. ಬಿಳಿ ಹೂ ಬಂದಮೇಲೆ ಈ ಉಪಾಯ ಅಷ್ಟಾಗಿ ನಡೆಯಲ್ಲ: ಒಂದೇ ಗಿಡದಲ್ಲಿ ಸಾವಿರಾರು ಬೀಜ, ಕೀಳುವಾಗ ಅಲುಗಿದರೂ ಉದುರುತ್ತವೆ, ಮಣ್ಣಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತವೆ. ಅಂಥದ್ದಕ್ಕೆ ಮೊದಲು ಕವರ್ ಮುಚ್ಚಿ ಆಮೇಲೆ ಕೀಳಿ, ಗೊಬ್ಬರದ ಗುಂಡಿಗೆ ಮಾತ್ರ ಹಾಕಬೇಡಿ. ಪಕ್ಕದ ಖಾಲಿ ಸೈಟಿನ ತುಂಬ ಇದೇ ಇದ್ದರೆ (ಮೈಸೂರಿನ ಹೊಸ ಬಡಾವಣೆಗಳಲ್ಲಿ ಇದೇ ಗೋಳು) ಎಷ್ಟು ಕಿತ್ತರೂ ಬೀಜ ಬರುತ್ತಲೇ ಇರುತ್ತೆ. ಮುಂಗಾರಿನ ಮೊದಲ ಮಳೆಗೇ ಬೇಲಿಯುದ್ದಕ್ಕೂ ಚಗಚೆ ಬೀಜ ಎರಚಿ, ಅದು ದಟ್ಟವಾಗಿ ಬೆಳೆದು ಇದಕ್ಕೆ ಜಾಗ ಕೊಡಲ್ಲ. ಉಪ್ಪುನೀರು ಹೊಡೆದು ಗಿಡ ಸಾಯಿಸೋದು ಕಲ್ಲುಹಾಸಿನ ಸಂದಿಗಷ್ಟೇ ಸರಿ, ಪಾತಿಗೆ ಹೊಡೆದರೆ ಮಣ್ಣೇ ಕೆಡುತ್ತೆ. ಇನ್ನು, ಎಲೆ ಮೇಲೆ ಕಂದು ಗೆರೆಯ ಮಾಸಲು ಬಿಳಿ ದುಂಬಿ ಕಂಡರೆ ಕೊಲ್ಲಬೇಡಿ. ಈ ಗಿಡವನ್ನು ತಿನ್ನಲೆಂದೇ ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಲ್ಲಿ ಬಿಟ್ಟ ಹುಳದ ಸಂತತಿ ಅದು.